ನಿಂತು ನೋಡುವಷ್ಟು ಜಾಗ

ಮೊದಲು ಕಾಣೆಯಾಗಿದ್ದು ಅಜ್ಜಿ.

ಮದುವೆ ಮನೆಯ ಗುಂಪು ಫೋಟೋ ಅದು. ಚಪ್ಪರದ ಮುಂದೆ ಮೂರು ಸಾಲು ಜನ. ಚಾಪೆಯ ಮೇಲೆ ಮಕ್ಕಳು, ಕುರ್ಚಿಗಳಲ್ಲಿ ಹಿರಿಯರು, ಹಿಂದೆ ಬೆಂಚು ಹತ್ತಿ ನಿಂತವರು. ಅಜ್ಜಿ ಕುರ್ಚಿ ಸಾಲಿನ ಎಡತುದಿಯಲ್ಲಿ ಕೂತಿದ್ದಾರೆ. ಮಾವನ ಹಳೆಯ ಫೋಟೋಗಳಿಗೆಂದು ನಾವು ಮಾಡಿಸಿದ ವೆಬ್‌ಸೈಟಿನಲ್ಲಿ ಈ ಫೋಟೋ ಒಂದು ಚೌಕದೊಳಗೆ ಬಂದು ಕೂತಿತ್ತು. ಅಗಲದ ಫೋಟೋವನ್ನು ಚೌಕ ಮಾಡಿದರೆ ಎರಡೂ ಬದಿಗೆ ಕತ್ತರಿ ಬೀಳುತ್ತದೆ. ಎಡಕ್ಕೆ ಅಜ್ಜಿ ಹೋದರು, ಬಲಕ್ಕೆ ಇಬ್ಬರು ದೊಡ್ಡಪ್ಪಂದಿರು ಹೋದರು. ಮಾವ ನನ್ನ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು. "ಅಮ್ಮ ಎಲ್ಲಿ ಕಣೇ?"

"ಒತ್ತಿದರೆ ಪೂರ್ತಿ ಫೋಟೋ ಬರುತ್ತೆ ಮಾವ, ನೋಡಿ" ಅಂತ ಒತ್ತಿ ತೋರಿಸಿದೆ. ಅಜ್ಜಿ ಸಿಕ್ಕರು. ಆದರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಒತ್ತದೇ ಮುಂದೆ ಹೋಗುವವರ ಪಾಲಿಗೆ ಅಜ್ಜಿ ಆ ಮದುವೆಗೆ ಬಂದೇ ಇಲ್ಲ, ಅಲ್ವಾ?

ಮಾವ ಸಕಲೇಶಪುರದಲ್ಲಿ ಮೂವತ್ತು ವರ್ಷ ಸ್ಟುಡಿಯೋ ನಡೆಸಿದವರು. ಅಂಗಡಿ ಮುಚ್ಚಿದಾಗ ಉಳಿದಿದ್ದು ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ ತುಂಬಿಟ್ಟ ನೆಗೆಟಿವ್‌ಗಳು. ಮಲೆನಾಡಿನ ಮಳೆಗೆ ಅರ್ಧಕ್ಕರ್ಧ ಫಂಗಸ್ ಹಿಡಿದಿತ್ತು. ಉಳಿದದ್ದನ್ನು ಸ್ಕ್ಯಾನ್ ಮಾಡಿಸಿ, ಪರಿಚಯದವರೊಬ್ಬರ ಕೈಲಿ ವೆಬ್‌ಸೈಟ್ ಮಾಡಿಸಿದೆವು. ಅವರೇನೂ ಬೇಕೆಂದು ಅಜ್ಜಿಯನ್ನು ಕತ್ತರಿಸಲಿಲ್ಲ. ತಯಾರಾಗಿ ಸಿಗುವ ಒಂದು ಟೆಂಪ್ಲೇಟಿಗೆ ಫೋಟೋಗಳನ್ನು ಹಾಕಿದರು, ಕತ್ತರಿಸುವ ಕೆಲಸವನ್ನು ಅದೇ ಮಾಡಿತು. ಯಾವ ಫೋಟೋದಲ್ಲಿ ಯಾರಿದ್ದಾರೆ, ಯಾವ ಮೂಲೆಯಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ನಡುವಿನದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ.

ಅವತ್ತಿನಿಂದ ಆರು ತಿಂಗಳು ರಾತ್ರಿ ಊಟ ಆದ ಮೇಲೆ ಬೇರೆ ಬೇರೆ ಫೋಟೋ ಗ್ಯಾಲರಿಗಳನ್ನು ತೆರೆದು ನೋಡುವುದೇ ನನಗೆ ಕೆಲಸವಾಯಿತು. ದೊಡ್ಡ ಸಂಗ್ರಹಾಲಯಗಳದ್ದು, ಹೆಸರಾಂತ ಛಾಯಾಗ್ರಾಹಕರದ್ದು, ಮದುವೆ ಫೋಟೋ ತೆಗೆಯುವವರದ್ದು, ಹಕ್ಕಿ ಫೋಟೋ ತೆಗೆಯುವ ಹುಡುಗರದ್ದು, ಎಲ್ಲವನ್ನೂ. ಪಕ್ಕದಲ್ಲಿ ಒಂದು ನೋಟ್‌ಬುಕ್. ನಾನು ಡಿಸೈನ್ ಕಲಿತವಳಲ್ಲ. ಬ್ಯಾಂಕಿನಲ್ಲಿ ಕೆಲಸ. ಬೇಸಿಗೆ ರಜೆಯನ್ನೆಲ್ಲ ಮಾವನ ಡಾರ್ಕ್‌ರೂಮಿನಲ್ಲಿ ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆಯ ನಡುವೆ ಕಳೆದವಳು ಅನ್ನುವುದಷ್ಟೇ ನನಗಿರುವ ಅರ್ಹತೆ. ಹಾಗಾಗಿ ಗ್ಯಾಲರಿ ಚೆನ್ನಾಗಿದೆಯಾ ಅಂತ ಸುಮ್ನೆ ಕೇಳಿಕೊಂಡರೆ ನನಗೆ ಉತ್ತರ ಹೊಳೆಯುತ್ತಿರಲಿಲ್ಲ. ಅದಕ್ಕೆ ಮಾವನ ಮೂರು ಫೋಟೋಗಳನ್ನು ಮನಸ್ಸಿನಲ್ಲಿ ಜೊತೆಗಿಟ್ಟುಕೊಂಡೆ. ಈ ಗುಂಪು ಫೋಟೋ ಒಂದು. ಬಣ್ಣ ಬಳಿದ ಪರದೆಯ ಮುಂದೆ, ಸ್ಟೂಲಿನ ಮೇಲಿನ ಪ್ಲಾಸ್ಟಿಕ್ ಹೂವಿಗೆ ಕೈ ತಾಗಿಸಿ ನಿಂತ ಒಬ್ಬ ಹೆಣ್ಣುಮಗಳ ಉದ್ದನೆಯ ಫೋಟೋ ಇನ್ನೊಂದು. ಮತ್ತೊಂದು ಬಿಸಿಲೆ ಘಾಟಿನ ಮಂಜು, ಅದರಲ್ಲಿ ನಾಲ್ಕು ಮರ ಬಿಟ್ಟರೆ ಏನೂ ಕಾಣಿಸುವುದಿಲ್ಲ. ಯಾವುದೇ ಗ್ಯಾಲರಿ ತೆರೆದರೂ ಒಂದೇ ಪ್ರಶ್ನೆ. ಈ ಮೂರು ಇಲ್ಲಿ ಬಂದಿದ್ದರೆ ಏನಾಗುತ್ತಿತ್ತು?

ಚೌಕದ ಅಭ್ಯಾಸ ನಮಗೆ ಎಲ್ಲಿಂದ ಬಂತು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯವೇ. ಇನ್‌ಸ್ಟಾಗ್ರಾಮ್ 2010ರಲ್ಲಿ ಶುರುವಾದಾಗ ಚೌಕ ಬಿಟ್ಟು ಬೇರೆ ಆಕಾರಕ್ಕೆ ಅವಕಾಶವೇ ಇರಲಿಲ್ಲ. 2015ರಲ್ಲಿ ಅಡ್ಡ ಮತ್ತು ಉದ್ದ ಫೋಟೋಗಳನ್ನೂ ಹಾಕಬಹುದು ಅಂತಾಯಿತು, ಆದರೆ ಪ್ರೊಫೈಲ್ ತೆರೆದರೆ ಕಾಣುವ ಮೂರು ಸಾಲಿನ ಗ್ರಿಡ್ ಮಾತ್ರ ಚೌಕದ್ದೇ ಉಳಿಯಿತು. 2025ರ ಆರಂಭದಲ್ಲಿ ಆ ಚೌಕಗಳು ಉದ್ದನೆಯ ಆಯತಗಳಾದವು. ಒಂಬತ್ತು ಚೌಕ ಸೇರಿಸಿ ಒಂದು ದೊಡ್ಡ ಚಿತ್ರ ಕಾಣುವ ಹಾಗೆ ಎಷ್ಟೋ ಜನ ವರ್ಷಗಟ್ಟಲೆ ಕೂತು ಜೋಡಿಸಿದ್ದರು. ಅದೆಲ್ಲ ಅವತ್ತು ಕೆಟ್ಟು ಹೋಯಿತು. ತಮ್ಮದೇ ಫೋಟೋ, ತಮ್ಮದೇ ಜೋಡಣೆ, ಆದರೆ ಗೋಡೆ ಮಾತ್ರ ಬೇರೆಯವರದ್ದು. ಆ ಗೋಡೆಯ ಅಳತೆ ಒಂದು ಬೆಳಿಗ್ಗೆ ಬದಲಾದರೆ ಯಾರನ್ನು ಕೇಳುವುದು?

ಇಲ್ಲಿ ಒಂದು ಮಾತು ಹೇಳಲೇಬೇಕು. ಚೌಕದ ಮೇಲೆ ನನಗೆ ಸಿಟ್ಟಿಲ್ಲ. ಮಾವನ ಕೈಲಿದ್ದಿದ್ದೂ ಚೌಕದ ಕ್ಯಾಮೆರಾವೇ. ಮೇಲಿನಿಂದ ಬಗ್ಗಿ ನೋಡುವ, ಎರಡು ಲೆನ್ಸಿನ ಕ್ಯಾಮೆರಾ. 120 ಅನ್ನುವ ಫಿಲ್ಮ್ ರೋಲಿನಲ್ಲಿ ಹನ್ನೆರಡು ಫೋಟೋ, ಹನ್ನೆರಡೂ ಚೌಕ. ಪ್ರಿಂಟ್ ಹಾಕುವಾಗ, ನೆಗೆಟಿವ್ ಅನ್ನು ದೊಡ್ಡದು ಮಾಡಿ ಪೇಪರಿನ ಮೇಲೆ ಬೀಳಿಸುವ ಎನ್ಲಾರ್ಜರಿನ ಕೆಳಗೆ ಪೇಪರಿನ ಚೌಕಟ್ಟಿನ ಪಟ್ಟಿಗಳನ್ನು ಸರಿಸಿ ಸರಿಸಿ, ಎಲ್ಲಿಗೆ ಕತ್ತರಿಸಬೇಕು ಅಂತ ಅವರು ಎಷ್ಟೋ ಹೊತ್ತು ನೋಡುತ್ತಿದ್ದರು. ಕೆಂಪು ದೀಪದ ಬೆಳಕಿನಲ್ಲಿ ಅವರ ಬೆರಳು ಪಟ್ಟಿಯನ್ನು ಒಂದು ನೂಲಿನಷ್ಟು ಈಚೆಗೆ, ಒಂದು ನೂಲಿನಷ್ಟು ಆಚೆಗೆ ಸರಿಸುವುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೀರೆಯ ಅಂಚು ಹೋಗಬಾರದು, ಕಾಲಿನ ಕೆಳಗೆ ಸ್ವಲ್ಪ ನೆಲ ಇರಬೇಕು, ಪರದೆಯ ಹರಿದ ತುದಿ ಕಾಣಬಾರದು. ಆ ಗುಂಪು ಫೋಟೋವನ್ನೂ ಚೌಕದ ನೆಗೆಟಿವ್‌ನಿಂದಲೇ ಅಡ್ಡಕ್ಕೆ ಕತ್ತರಿಸಿದ್ದು ಅವರೇ. ಮೇಲಿನ ಆಕಾಶ ಬೇಡ, ಕೆಳಗಿನ ಅಂಗಳ ಬೇಡ, ಜನ ಎಲ್ಲರೂ ಬೇಕು ಅಂತ ತೀರ್ಮಾನಿಸಿ ಮಾಡಿದ ಕತ್ತರಿ ಅದು. ಐವತ್ತು ವರ್ಷದ ನಂತರ ಒಂದು ಟೆಂಪ್ಲೇಟ್ ಬಂದು ಅದನ್ನು ಮತ್ತೆ ಚೌಕ ಮಾಡಿತು. ಈ ಸಲ ಜನರನ್ನು ಬಿಟ್ಟು.

ಕತ್ತರಿಸದೇ ತೋರಿಸುವ ಗ್ಯಾಲರಿಗಳೂ ಇವೆ. ಜನ ತಮ್ಮ ಫೋಟೋ ಹಾಕುವ ಫ್ಲಿಕರ್ ತಾಣ 2013ರಲ್ಲಿ ತನ್ನ ಪುಟಗಳನ್ನು ಬದಲಾಯಿಸಿದಾಗ ಈ ರೀತಿ ತುಂಬಾ ಜನರ ಕಣ್ಣಿಗೆ ಬಿತ್ತು. ಪ್ರತಿ ಸಾಲಿನಲ್ಲೂ ಫೋಟೋಗಳ ಎತ್ತರ ಒಂದೇ, ಅಗಲ ಮಾತ್ರ ಬೇರೆ ಬೇರೆ, ಸಾಲಿನ ಎರಡೂ ತುದಿ ಅಚ್ಚಿನ ಪುಟದ ಹಾಗೆ ಸಮ. ನೋಡಲು ಅಚ್ಚುಕಟ್ಟು. ಯಾರ ತಲೆಯೂ ಹೋಗುವುದಿಲ್ಲ. ನಾನೂ ಮೊದಲು ಇದೇ ಸರಿ ಅಂದುಕೊಂಡೆ. ಆಮೇಲೆ ಸ್ಟೂಲಿನ ಪಕ್ಕ ನಿಂತ ಆ ಹೆಣ್ಣುಮಗಳ ಫೋಟೋವನ್ನು ಹಾಕಿ ನೋಡಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಅವಳು ಚಿಕ್ಕವಳಾಗಿದ್ದಳು. ಅಕ್ಕಪಕ್ಕದ ಅಡ್ಡ ಫೋಟೋಗಳ ನಡುವೆ ಒತ್ತಿ ಹಿಡಿದ ಹಾಗೆ ನಿಂತಿದ್ದಳು.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಅಡ್ಡ ಫೋಟೋ ಸಾಮಾನ್ಯವಾಗಿ 3ಕ್ಕೆ 2ರ ಅಳತೆಯದು. ಸಾಲಿನ ಎತ್ತರ 300 ಪಿಕ್ಸೆಲ್ ಅಂತಿಟ್ಟುಕೊಳ್ಳಿ. ಅಡ್ಡ ಫೋಟೋಗೆ 450 ಅಗಲ ಸಿಗುತ್ತದೆ. ಅದೇ ಕ್ಯಾಮೆರಾವನ್ನು ತಿರುಗಿಸಿ ಹಿಡಿದು ತೆಗೆದ ಉದ್ದ ಫೋಟೋಗೆ 200 ಅಗಲ ಮಾತ್ರ. ಗುಣಿಸಿದರೆ ಒಂದಕ್ಕೆ 1,35,000 ಪಿಕ್ಸೆಲ್ ಜಾಗ, ಇನ್ನೊಂದಕ್ಕೆ 60,000. ಅರ್ಧಕ್ಕಿಂತ ಕಡಿಮೆ! ಇನ್ನು ಪಿಂಟರೆಸ್ಟ್ ಥರದ ಗ್ಯಾಲರಿಗಳಲ್ಲಿ ಕಂಬಗಳ ಹಾಗೆ ಫೋಟೋಗಳನ್ನು ಕೆಳಕ್ಕೆ ಪೇರಿಸುತ್ತಾರಲ್ಲ, ಅಲ್ಲಿ ಅಗಲ ಎಲ್ಲರಿಗೂ ಒಂದೇ. ಅಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಉದ್ದ ಫೋಟೋಗಳು ಮೆರೆಯುತ್ತವೆ, ಅಡ್ಡ ಫೋಟೋಗಳು ಪಟ್ಟಿಯಾಗುತ್ತವೆ. ಅಂದರೆ ಯಾವ ಫೋಟೋ ಮುಖ್ಯ ಅಂತ ನೋಡುವವರ ಕಣ್ಣು ತೀರ್ಮಾನಿಸುವ ಮೊದಲೇ ಜೋಡಣೆ ತೀರ್ಮಾನಿಸಿ ಆಗಿರುತ್ತದೆ. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಆ ಆರು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಇದೇ ದೊಡ್ಡದು ಅಂತ ಈಗಲೂ ಅನ್ನಿಸುತ್ತದೆ.

ನಮ್ಮ ಮನೆಯ ಹಳೆಯ ಆಲ್ಬಂನಲ್ಲಿ ಈ ತೊಂದರೆಯೇ ಇರಲಿಲ್ಲ. ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟನ್ನು ಅಡ್ಡ ಅಂಟಿಸಿದರೂ ಉದ್ದ ಅಂಟಿಸಿದರೂ ಅದು ಅಷ್ಟೇ ದೊಡ್ಡದು. ಫೋನ್, ಕಂಪ್ಯೂಟರ್ ಪರದೆಯ ಮೇಲೂ ಹಾಗೆ ಮಾಡಬಹುದು. ಎತ್ತರವನ್ನೋ ಅಗಲವನ್ನೋ ಸಮ ಮಾಡುವ ಬದಲು ಪ್ರತಿ ಫೋಟೋದ ಉದ್ದನೆಯ ಬದಿಯನ್ನು ಒಂದೇ ಅಳತೆಗೆ ಇಟ್ಟರೆ ಆಯಿತು. ನಡುವೆ ಅಲ್ಲಲ್ಲಿ ಖಾಲಿ ಜಾಗ ಉಳಿಯುತ್ತದೆ. ಡಿಸೈನ್ ಮಾಡುವವರಿಗೆ ಆ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ, ತುಂಬಬೇಕು ಅನ್ನಿಸುತ್ತದೆ. ಇರಲಿ ಬಿಡಿ, ಖಾಲಿಯಾಗಿಯೇ ಇರಲಿ.

ಆ ಖಾಲಿ ಜಾಗದ ಬೆಲೆ ನನಗೆ ಗೊತ್ತಾಗಿದ್ದು ಪರದೆಯ ಮುಂದಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಇದೆಯಲ್ಲ, ಅದು ಕಟ್ಟಡದ ಬಾಗಿಲು ತೆರೆಯುವ ಮೊದಲೇ, 2020ರ ಡಿಸೆಂಬರಿನಲ್ಲಿ, ಆನ್‌ಲೈನ್ ಸಂಗ್ರಹಾಲಯವಾಗಿ ಶುರುವಾಗಿತ್ತು. ಕಟ್ಟಡ ತೆರೆದಿದ್ದು 2023ರ ಫೆಬ್ರುವರಿಯಲ್ಲಿ. ಶುರುವಿನ ಪ್ರದರ್ಶನಗಳಲ್ಲಿ ಟಿ.ಎಸ್. ಸತ್ಯನ್ ಅವರ ಫೋಟೋಗಳೂ ಇದ್ದವು. 1923ರಲ್ಲಿ ಹುಟ್ಟಿದ, ಮೈಸೂರಿನ ಸತ್ಯನ್. ಮಾವನ ಕಾಲದವರಿಗೆ ಅವರು ದೊಡ್ಡ ಗುರು. ಎಂದೂ ಭೇಟಿಯಾಗದಿದ್ದರೂ ಗುರುವೇ. ಮಾವನನ್ನು ಕರೆದುಕೊಂಡು ಹೋದೆ. ಅವರು ನೋಡುವ ರೀತಿಯನ್ನು ನಾನು ನೋಡುತ್ತಿದ್ದೆ. ಒಂದು ಫೋಟೋದ ಮುಂದೆ ಬಂದು ನಿಲ್ಲುತ್ತಾರೆ. ಎರಡು ಹೆಜ್ಜೆ ಮುಂದೆ ಹೋಗಿ ಕನ್ನಡಕ ಎತ್ತಿ ಮಕ್ಕಳ ಮುಖ ನೋಡುತ್ತಾರೆ. ಮತ್ತೆ ಮೂರು ಹೆಜ್ಜೆ ಹಿಂದೆ. ಸುಮ್ಮನೆ ನಿಲ್ಲುತ್ತಾರೆ. ಪಕ್ಕದ ಫೋಟೋಗೆ ಹೋಗುವ ಮುಂಚೆ ನೆಲ ನೋಡಿಕೊಂಡು ನಡೆಯುತ್ತಾರೆ. ಎರಡು ಫೋಟೋಗಳ ನಡುವೆ ಬರೀ ಗೋಡೆ ಇತ್ತು. ಆ ಗೋಡೆ ಇದ್ದಿದ್ದರಿಂದ ಅವರಿಗೆ ಮೊದಲ ಫೋಟೋವನ್ನು ಮುಗಿಸಲು ಆಯಿತು.

ಪರದೆಯಲ್ಲಿ ಕಾಲಿಗೆ ಕೆಲಸವಿಲ್ಲ. ಹಿಂದೆ ಸರಿಯುವುದು, ಹತ್ತಿರ ಹೋಗುವುದು, ನಡುವೆ ಕಣ್ಣಿಗೆ ಬಿಡುವು ಕೊಡುವುದು, ಇಷ್ಟನ್ನೂ ಪುಟವೇ ಮಾಡಿಕೊಡಬೇಕು. ಬಹಳಷ್ಟು ಪುಟಗಳು ಮಾಡಿಕೊಡುವುದಿಲ್ಲ. ಫೋನಿನಲ್ಲಿ ಗುಂಪು ಫೋಟೋ ತೆರೆದರೆ ನಲವತ್ತು ಜನರ ಮುಖ ಎಳ್ಳುಕಾಳಿನಷ್ಟು. ಎರಡು ಬೆರಳಿಂದ ಹಿಗ್ಗಿಸಿ ನೋಡೋಣ ಅಂದರೆ ಎಷ್ಟೋ ಕಡೆ ಅದು ಹಿಗ್ಗುವುದೇ ಇಲ್ಲ, ಬೇಕೆಂದೇ ತಡೆದಿರುತ್ತಾರೆ. ಫೋನನ್ನು ಅಡ್ಡ ತಿರುಗಿಸಿದರೆ ಪುಟ ಪೂರ್ತಿ ಮರುಜೋಡಣೆಯಾಗಿ ನಾವು ನೋಡುತ್ತಿದ್ದ ಫೋಟೋ ಎಲ್ಲೋ ಕೆಳಗೆ ಹೋಗಿಬಿಡುತ್ತದೆ. ಮಾವ ಹಾಗೆ ಮೂರು ಸಲ ತಿರುಗಿಸಿ, ಮೂರು ಸಲವೂ ಕಳೆದುಕೊಂಡು, ಫೋನನ್ನು ನನ್ನ ಕೈಗೆ ಕೊಟ್ಟರು. ಇದನ್ನು ಸರಿಮಾಡುವುದು ದೊಡ್ಡ ವಿದ್ಯೆಯೇನಲ್ಲ. ಮಾಡಬೇಕು ಅನ್ನಿಸಬೇಕು ಅಷ್ಟೇ.

ಹಿನ್ನೆಲೆಯ ಬಣ್ಣದ ಬಗ್ಗೆ ಜನ ಎರಡು ಪಂಗಡವಾಗಿ ವಾದ ಮಾಡುವುದನ್ನು ನೋಡಿದ್ದೇನೆ. ಕಪ್ಪೇ ಸರಿ ಅನ್ನುವವರು ಜಾಸ್ತಿ. ಒತ್ತಿದ ಕೂಡಲೇ ಪುಟ ಕಪ್ಪಾಗಿ ನಡುವೆ ಫೋಟೋ ಎದ್ದು ಬರುವ ರೀತಿಯನ್ನು ಲೋಕೇಶ್ ಧಾಕರ್ ಎಂಬುವರು 2005ರಲ್ಲಿ ಲೈಟ್‌ಬಾಕ್ಸ್ ಅನ್ನುವ ಸಣ್ಣ ಪ್ರೋಗ್ರಾಂ ಬರೆದು ಎಲ್ಲೆಡೆ ಹರಡಿದರು. ಈಗ ಅದಿಲ್ಲದ ಗ್ಯಾಲರಿಯೇ ಅಪರೂಪ. ಯಕ್ಷಗಾನದ ರಾತ್ರಿ ಫೋಟೋಗೆ ಆ ಕಪ್ಪು ಚೆನ್ನ. ವೇಷದ ಕೆಂಪು, ಕಿರೀಟದ ಹೊಳಪು ಎಲ್ಲ ಕತ್ತಲಿನಿಂದ ಹೊರಗೆ ಬರುತ್ತವೆ. ಬಿಸಿಲೆ ಘಾಟಿನ ಮಂಜನ್ನು ಅದೇ ಕಪ್ಪಿನ ಮೇಲೆ ಇಟ್ಟು ನೋಡಿ. ಆ ಮೆದುವಾದ ಬೂದು ಬಣ್ಣ ಟ್ಯೂಬ್‌ಲೈಟ್ ಹತ್ತಿಸಿದ ಹಾಗೆ ಕಣ್ಣಿಗೆ ಹೊಡೆಯುತ್ತದೆ. ಮಂಜು ಮಂಜಾಗಿ ಉಳಿಯುವುದಿಲ್ಲ. ಬಿಳಿಯ ಮೇಲೆ ಇಟ್ಟರೆ ಇನ್ನೊಂದು ಕಷ್ಟ, ಮಂಜಿನ ಅಂಚು ಪುಟದಲ್ಲಿ ಕರಗಿ ಫೋಟೋ ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ಮಾವ ಇದಕ್ಕೆ ಬಳಸುತ್ತಿದ್ದಿದ್ದು ತಿಳಿ ಬೂದಿ ಬಣ್ಣದ ಮೌಂಟ್, ಅಂದರೆ ಪ್ರಿಂಟ್ ಅಂಟಿಸುವ ರಟ್ಟು. ಸ್ಪರ್ಧೆಗೆ ಕಳಿಸುವ ಪ್ರಿಂಟುಗಳನ್ನು ಅವರು ಹಾಗೆ ಅಗಲವಾಗಿ ಮೌಂಟ್ ಮಾಡಿ, ಫೋಟೋ ಸುತ್ತ ಕೂದಲೆಳೆಯಷ್ಟು ಗೆರೆ ಎಳೆಯುತ್ತಿದ್ದರು. ಎಷ್ಟೋ ಗ್ಯಾಲರಿ ನೋಡಿದ ಮೇಲೆ ನಾನೂ ಅಲ್ಲಿಗೇ ಬಂದು ನಿಂತೆ.

ಬಣ್ಣದ ಫೋಟೋಗಳಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ನೆಟ್ಟಿನಲ್ಲಿ ಹೆಚ್ಚಿನ ಪರದೆಗಳು ನಂಬಿಕೊಂಡಿರುವ ಬಣ್ಣದ ಅಳತೆ ಎಸ್‌ಆರ್‌ಜಿಬಿ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ 1996ರಲ್ಲಿ ಮುಂದಿಟ್ಟಿದ್ದು. ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಅನ್ನುವ ಇನ್ನೊಂದು ಅಳತೆ ಇಟ್ಟು ತೆಗೆದು, ಯಾವ ಅಳತೆ ಅಂತ ಫೈಲಿನೊಳಗೆ ಹೇಳುವ ಪ್ರೊಫೈಲ್ ಕಿತ್ತು ಹಾಗೇ ಅಪ್‌ಲೋಡ್ ಮಾಡಿದರೆ ಬಣ್ಣ ಸಪ್ಪೆಯಾಗುತ್ತದೆ. ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗುತ್ತದೆ. ಫೋಟೋ ತೆಗೆದವರಿಗೆ ಬೈದುಕೊಂಡು ನಾವು ಮುಂದೆ ಹೋಗುತ್ತೇವೆ, ಪಾಪ, ತಪ್ಪು ಅವರ ಕಣ್ಣಿನದಲ್ಲ.

ಇನ್ನು ಫೈಲಿನ ಭಾರ. ನಮ್ಮ ಊರಿನ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಎರಡು ಕಡ್ಡಿ ಬಂದರೆ ಹಬ್ಬ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೋ ಹತ್ತಿರ ಹತ್ತಿರ 10 ಎಂಬಿ. ಅಂಥ ನಲವತ್ತನ್ನು ಒಂದೇ ಪುಟಕ್ಕೆ ತುಂಬಿದರೆ 400 ಎಂಬಿ ಆಯಿತು. ಉದ್ದನೆಯ ಬದಿ 2000 ಪಿಕ್ಸೆಲ್‌ಗೆ ಇಳಿಸಿದರೆ ಒಂದೊಂದು ಅರ್ಧ ಎಂಬಿ ಆಸುಪಾಸಿಗೆ ಬರುತ್ತದೆ, ಫೋನಿನಲ್ಲಿ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಪ್ರತಿ ಫೋಟೋದ ಅಗಲ ಎತ್ತರವನ್ನು ಪುಟಕ್ಕೆ ಮೊದಲೇ ತಿಳಿಸಿದ್ದರೆ ಅದು ಅಷ್ಟು ಜಾಗ ಕಾದಿಡುತ್ತದೆ. ತಿಳಿಸದಿದ್ದರೆ ಫೋಟೋಗಳು ಒಂದೊಂದಾಗಿ ಬಂದ ಹಾಗೆ ಪುಟ ಕುಣಿಯುತ್ತದೆ. ನಾವು ಒಂದನ್ನು ಒತ್ತಲು ಬೆರಳು ಇಟ್ಟರೆ ಆ ಜಾಗಕ್ಕೆ ಇನ್ನೊಂದು ಬಂದಿರುತ್ತದೆ. ಹಾಸನದ ಆಚೆಗಿನ ಹಳ್ಳಿಯೊಂದರಲ್ಲಿ ತನ್ನ ಅಪ್ಪನ ಮದುವೆ ಫೋಟೋ ಹುಡುಕುತ್ತಾ ಕೂತವರಿಗೆ ಹೀಗಾದರೆ ಎಷ್ಟು ಸಲ ಪ್ರಯತ್ನ ಮಾಡಿಯಾರು?

ಎಷ್ಟು ಫೋಟೋ ಇರಬೇಕು, ಯಾವುದರ ನಂತರ ಯಾವುದು, ಇದು ಡಿಸೈನಿನ ಪ್ರಶ್ನೆ ಅಲ್ಲ ಅಂತ ಕೆಲವರು ಹೇಳುತ್ತಾರೆ. ನನ್ನ ಪ್ರಕಾರ ಅರ್ಧ ಡಿಸೈನ್ ಇರುವುದೇ ಅಲ್ಲಿ. ಹೆಚ್ಚಿನ ಕಡೆ ಕ್ರಮ ಅಂದರೆ ಇತ್ತೀಚಿನದು ಮೊದಲು. ಅದು ಫೈಲ್ ಹಾಕಿದವರ ಅನುಕೂಲ, ನೋಡುವವರಿಗೆ ಅದರಿಂದ ಏನೂ ಇಲ್ಲ. ಅದರ ಜೊತೆಗೆ ಕೊನೆಯಿಲ್ಲದೆ ಉರುಳುವ ಪುಟ. 2006ರಲ್ಲಿ ಅಜಾ ರಾಸ್ಕಿನ್ ಎಂಬ ಡಿಸೈನರ್ ಈ ರೀತಿಯನ್ನು ರೂಪಿಸಿದರು, ಆಮೇಲೆ ಅವರೇ ಅದರ ಬಗ್ಗೆ ಬೇಸರ ತೋಡಿಕೊಂಡರು. ಸುದ್ದಿ ಓದಲು ಅದು ಹೇಗೋ ಏನೋ, ಫೋಟೋಗಳಿಗಂತೂ ಅದು ಸಲ್ಲದು. ಕೊನೆ ಎಲ್ಲಿ ಅಂತ ಗೊತ್ತಿಲ್ಲದಿದ್ದರೆ ಕೈ ನಿಲ್ಲುವುದಿಲ್ಲ. ಕೆಳಗೆ 24ರಲ್ಲಿ 5 ಅಂತ ಸಣ್ಣದಾಗಿ ಬರೆದಿದ್ದರೆ ಸಾಕು, ಮನಸ್ಸು ಒಂದು ಲೆಕ್ಕಕ್ಕೆ ಬರುತ್ತದೆ, ನಿಧಾನವಾಗುತ್ತದೆ. ಹಳೆಯ ಆಲ್ಬಂಗಳಲ್ಲಿ ಕಪ್ಪು ಹಾಳೆಗಳ ನಡುವೆ ಬಟರ್ ಪೇಪರ್ ಇರುತ್ತಿತ್ತು, ನೆನಪಿದೆಯಾ? ಅದರ ಮೂಲಕ ಮುಖಗಳು ಮಸುಕಾಗಿ ಕಾಣುತ್ತಿದ್ದವು. ಹರಿಯದ ಹಾಗೆ ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಆ ಕಡೆ ಮಗುಚಿದ ಮೇಲೆಯೇ ಫೋಟೋ. ಆ ಎರಡು ಸೆಕೆಂಡಿನಲ್ಲಿ ಯಾರ ಫೋಟೋ ಇರಬಹುದು ಅಂತ ನಾವು ಊಹಿಸಿ ಆಗಿರುತ್ತಿತ್ತು. ತಾನೇ ಓಡುವ ಸ್ಲೈಡ್‌ಶೋ ಆ ಸಮಯವನ್ನು ನಮ್ಮ ಕೈಯಿಂದ ಕಿತ್ತುಕೊಳ್ಳುತ್ತದೆ. ಅಂಥದ್ದು ಕಂಡ ಗ್ಯಾಲರಿಯನ್ನೆಲ್ಲ ನಾನು ಕೂಡಲೇ ಮುಚ್ಚಿದ್ದೇನೆ.

ತುಂಬಾ ಇಷ್ಟವಾದ ಒಂದು ಕಡೆಯ ಬಗ್ಗೆ ಹೇಳುತ್ತೇನೆ. ನೋಡಲು ಅದು ಏನೇನೂ ಚೆಂದವಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಫೋಟೋ ಕ್ಯಾಟಲಾಗ್. ಹಳೇ ಕಾಲದ ಪುಟ, ಸಣ್ಣ ಅಕ್ಷರ. 1930ರ ದಶಕದ ಕಷ್ಟಕಾಲದಲ್ಲಿ ಅಲ್ಲಿನ ಸರ್ಕಾರ ಛಾಯಾಗ್ರಾಹಕರನ್ನು ಹಳ್ಳಿಹಳ್ಳಿಗೆ ಕಳಿಸಿ ತೆಗೆಸಿದ ಸಾವಿರಾರು ಫೋಟೋಗಳು ಅಲ್ಲಿವೆ. ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ, ವಲಸೆ ಬಂದ ತಾಯಿಯ ಆ ಹೆಸರಾಂತ ಫೋಟೋ ಕೂಡ. ಆ ಒಂದು ಫೋಟೋವನ್ನು ನೀವು ನೂರು ಕಡೆ ನೋಡಿರುತ್ತೀರಿ. ಇಲ್ಲಿ ಮಾತ್ರ ಅದರ ಪುಟದಿಂದ ಅಕ್ಕಪಕ್ಕದ ನಂಬರಿನ ಫೋಟೋಗಳಿಗೂ ಹೋಗಬಹುದು. ಅದೇ ಗುಡಾರ, ಅದೇ ಮಕ್ಕಳು, ಸ್ವಲ್ಪ ದೂರದಿಂದ ತೆಗೆದದ್ದು, ಸ್ವಲ್ಪ ಹತ್ತಿರದಿಂದ ತೆಗೆದದ್ದು. ಛಾಯಾಗ್ರಾಹಕಿ ಹೆಜ್ಜೆ ಹೆಜ್ಜೆಯಾಗಿ ಹೇಗೆ ಹತ್ತಿರ ಹೋದರು ಅನ್ನುವುದು ಕಣ್ಣಿಗೆ ಕಾಣುತ್ತದೆ. ಆ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್, ತನಗೆ ಬೇಡವಾದ ಎಷ್ಟೋ ನೆಗೆಟಿವ್‌ಗಳಿಗೆ ಪಂಚ್ ಹೊಡೆಸಿ ತೂತು ಮಾಡಿಸುತ್ತಿದ್ದರು. ಆ ತೂತಿನ ಫೋಟೋಗಳೂ ಅಲ್ಲಿ ಹಾಗೇ ಇವೆ. ಆಕಾಶದಲ್ಲಿ, ಹೊಲದಲ್ಲಿ, ಕೆಲವು ಸಲ ಮನುಷ್ಯರ ಮುಖದ ಮೇಲೆಯೇ ಕಪ್ಪು ಚಂದ್ರನಂಥ ಗುಂಡು. ಮುಚ್ಚಿಟ್ಟಿಲ್ಲ, ಅಳಿಸಿಲ್ಲ. ಪ್ರತಿ ಫೋಟೋಗೂ ಯಾರು ತೆಗೆದದ್ದು, ಎಲ್ಲಿ, ಯಾವಾಗ, ಯಾವ ಅಳತೆಯ ಫೈಲ್ ಬೇಕೋ ತೆಗೆದುಕೊಳ್ಳಿ. ಮುಖಪುಟದ ಚಂದ ನೋಡಿ ಅಂಕ ಕೊಡುವುದಾದರೆ ಇದಕ್ಕೆ ಅಂಕವೇ ಬರುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇದೇ ಮೊದಲು.

ಇದೇ ಲೈಬ್ರರಿ 2008ರ ಜನವರಿಯಲ್ಲಿ 3,000ಕ್ಕೂ ಹೆಚ್ಚು ಹಳೆಯ ಫೋಟೋಗಳನ್ನು ಫ್ಲಿಕರ್‌ನಲ್ಲಿ ಹಾಕಿ, ಇದರಲ್ಲಿರುವ ಜನ, ಜಾಗ ಗೊತ್ತಿದ್ದರೆ ತಿಳಿಸಿ ಅಂತ ಕೇಳಿಕೊಂಡಿತು. ಜನ ತಿಳಿಸಿದರು. ಆ ಮಾಹಿತಿ ಲೈಬ್ರರಿಯ ದಾಖಲೆಗಳಿಗೂ ಸೇರಿತು. ಫೋಟೋದ ಕೆಳಗಿನ ಬರಹ ಅಲಂಕಾರಕ್ಕಲ್ಲ ಅಂತ ನನಗೆ ಮನದಟ್ಟಾಗಿದ್ದು ಇದರಿಂದ.

ನಮ್ಮ ಕಡೆಯ ಗ್ಯಾಲರಿಗಳಲ್ಲಿ ಸೊರಗಿರುವುದೇ ಈ ಬರಹ. ಎಷ್ಟು ಒಳ್ಳೆಯ ಫೋಟೋ, ಕೆಳಗೆ ನೋಡಿದರೆ ಎರಡು ಪದದ ಇಂಗ್ಲಿಷ್ ಶೀರ್ಷಿಕೆ, ಇಲ್ಲವೇ ಏನೂ ಇಲ್ಲ. ಪರದೆ ಓದಿ ಹೇಳುವ ಸಾಫ್ಟ್‌ವೇರ್ ಬಳಸುವ ನನ್ನ ಗೆಳತಿಯೊಬ್ಬಳಿದ್ದಾಳೆ, ಅವಳಿಗೆ ಕಣ್ಣು ಕಾಣಿಸುವುದಿಲ್ಲ. ಅಂಥ ಪುಟ ತೆರೆದರೆ ಅವಳಿಗೆ ಕೇಳಿಸುವುದು ಫೈಲಿನ ಹೆಸರು, ಡಿಎಸ್‌ಸಿ ಸೊನ್ನೆ ಸೊನ್ನೆ ನಾಲ್ಕು ಮೂರು. ಒಂದು ಸಾಲು ಕನ್ನಡದಲ್ಲಿ ಬರೆದರೆ ಅವಳಿಗೂ ಫೋಟೋ ಸಿಗುತ್ತದೆ. ಕನ್ನಡದಲ್ಲಿ ಬರೆದವರಿಗೂ ಒಂದು ಕಷ್ಟ ಕಾದಿರುತ್ತದೆ. ಟೆಂಪ್ಲೇಟುಗಳು ಇಂಗ್ಲಿಷ್ ಅಕ್ಷರಕ್ಕೆ ತಕ್ಕ ಹಾಗೆ ಸಾಲಿನ ಎತ್ತರವನ್ನು ಬಿಗಿಯಾಗಿ ಇಟ್ಟಿರುತ್ತವೆ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವಲ್ಲ, ಅವು ಅರ್ಧಕ್ಕೆ ಕತ್ತರಿಸಿ ಹೋಗುತ್ತವೆ. ನಮ್ಮ ಮೊದಲ ವೆಬ್‌ಸೈಟಿನಲ್ಲಿ ಅಜ್ಜಿಯ ಜೊತೆ ಅವರ ಹೆಸರಿನ ಒತ್ತೂ ಹೋಗಿತ್ತು. ಸಾಲಿನ ಎತ್ತರವನ್ನು ಅಕ್ಷರದ ಒಂದೂಮುಕ್ಕಾಲು ಪಾಲಿನಷ್ಟು ಇಟ್ಟಾಗ ಸರಿಯಾಯಿತು.

ಹಕ್ಕಿ ಫೋಟೋ ತೆಗೆಯುವವರಿಗೆ ಒಂದು ಕೋರಿಕೆ. ಫೋನಿನಲ್ಲಿ ತೆಗೆದ ಫೋಟೋದ ಫೈಲಿನೊಳಗೆ ಜಾಗದ ಗುರುತು ಸೇರಿರಬಹುದು. ಕೆಲವು ಕ್ಯಾಮೆರಾಗಳಲ್ಲೂ ಹಾಗೇ. ಗೂಡಿನ ಫೋಟೋವನ್ನು ಆ ಗುರುತಿನೊಂದಿಗೇ ಗ್ಯಾಲರಿಗೆ ಹಾಕಬೇಡಿ, ದಯವಿಟ್ಟು, ಗೂಡು ಎಲ್ಲಿದೆ ಅಂತ ಯಾರಿಗೆ ಬೇಕಾದರೂ ತಿಳಿದುಬಿಡುತ್ತದೆ.

ನಮಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಇತ್ತು. ಸ್ಟುಡಿಯೋಗೆ ಬಂದವರು ಮಾವನ ಮುಂದೆ ನಿಂತಿದ್ದು ತಮ್ಮ ಮನೆಯ ಗೋಡೆಗೆ, ಗಂಡಿನ ಕಡೆಯವರಿಗೆ ಕಳಿಸಲು, ಪಾಸ್‌ಪೋರ್ಟಿಗೆ. ಊರೆಲ್ಲ ನೋಡಲಿ ಅಂತ ಅಲ್ಲ. ಸ್ಟೂಲಿನ ಪಕ್ಕ ನಿಂತ ಆ ಹೆಣ್ಣುಮಗಳು ಅವತ್ತು ಯಾರಿಗಾಗಿ ಫೋಟೋ ತೆಗೆಸಿಕೊಂಡಳೋ! ಮಾವನಿಗೆ ಅವಳ ಊರು ನೆನಪಿದೆ, ಹೆಸರು ನೆನಪಿಲ್ಲ. ಅವಳ ಮನೆಯವರು ಸಿಗುವವರೆಗೆ ಆ ಫೋಟೋ ನಮ್ಮ ಗ್ಯಾಲರಿಯಲ್ಲಿ ಬರುವುದಿಲ್ಲ ಅಂತ ತೀರ್ಮಾನ ಮಾಡಿದೆವು. ಎಷ್ಟು ಗ್ಯಾಲರಿಗಳನ್ನು ಅವಳ ಕಣ್ಣಿಂದ ನೋಡಿದ್ದೆ ನಾನು! ಈಗ ಅವಳೇ ಇಲ್ಲ. ಬೇಸರವಿದೆ, ಆದರೆ ಇದೇ ಸರಿ. ಎಲ್ಲ ಸೇರಿ ಒಪ್ಪಿಗೆ ಸಿಕ್ಕಿದ್ದು 24 ಫೋಟೋಗಳಿಗೆ.

ಎಲ್ಲಿ ಇಡುವುದು ಅನ್ನುವುದೂ ಯೋಚನೆಯೇ ಆಗಿತ್ತು. 2016ರಲ್ಲಿ ಗೂಗಲ್ಲಿನ ಫೋಟೋ ಸೇವೆ ಪಿಕಾಸಾ ನಿಂತಾಗ, ಅದನ್ನು ನಂಬಿ ಊರು, ಜಾತ್ರೆ, ಚಾರಣ ಅಂತ ಆಲ್ಬಂ ಮಾಡಿದ್ದ ಎಷ್ಟು ಕನ್ನಡದ ಗೆಳೆಯರು ಪರದಾಡಿದರು ಅಂತ ನನಗೆ ಗೊತ್ತು. ಫ್ಲಿಕರ್ ಕೈ ಬದಲಾಗಿ, 2019ರಿಂದ ಉಚಿತ ಖಾತೆಗೆ 1,000 ಫೋಟೋಗಳ ಮಿತಿ ಬಂತು. ಅದಕ್ಕೇ ನಮ್ಮದು ನಮ್ಮದೇ ಹೆಸರಿನ ಒಂದು ಸಾದಾ ಪುಟ, ಮೂಲ ಸ್ಕ್ಯಾನುಗಳು ಎರಡು ಹಾರ್ಡ್‌ಡಿಸ್ಕಿನಲ್ಲಿ, ಒಂದು ನನ್ನ ಮನೆಯಲ್ಲಿ, ಒಂದು ತಮ್ಮನ ಮನೆಯಲ್ಲಿ. ಫೋಟೋ ಮೇಲೆ ಹೆಸರಿನ ಮುದ್ರೆ ಒತ್ತಿಲ್ಲ. ಕದಿಯುವವರು ಹೇಗಿದ್ದರೂ ಕದಿಯುತ್ತಾರೆ, ನೋಡುವವರಿಗೆ ಯಾಕೆ ಅಡ್ಡ ಬರಬೇಕು.

ಹೊಸ ಪುಟದಲ್ಲಿ ಗುಂಪು ಫೋಟೋವೇ ಮೊದಲು. ತಿಳಿ ಬೂದಿ ಹಿನ್ನೆಲೆ, ಸುತ್ತ ಸಾಕಷ್ಟು ಖಾಲಿ ಜಾಗ, ಬೆರಳಿಟ್ಟು ಹಿಗ್ಗಿಸಿದರೆ ಕಿವಿಯ ಓಲೆ ಕಾಣುವಷ್ಟು ಹಿಗ್ಗುತ್ತದೆ. ಫೋನ್ ತಿರುಗಿಸಿದರೂ ಫೋಟೋ ಕಣ್ಣೆದುರಿಂದ ಹೋಗುವುದಿಲ್ಲ. ಹೋದ ಭಾನುವಾರ ಮಾವ ಅದನ್ನು ತಿರುಗಿಸಿ, ಹಿಗ್ಗಿಸಿ, ಎಡತುದಿಯಿಂದ ಒಂದೊಂದೇ ಹೆಸರು ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. ಮೊದಲ ಹೆಸರು ಅಜ್ಜಿಯದು. ಕುರ್ಚಿ ಸಾಲು ಮುಗಿಯಿತು, ಮಕ್ಕಳ ಸಾಲು ಮುಗಿಯಿತು. ಬೆಂಚಿನ ಸಾಲಿನಲ್ಲಿ ಬಲದಿಂದ ಎರಡನೆಯವರು ಯಾರು ಅಂತ ಮಾವನಿಗೂ ನೆನಪಾಗಲಿಲ್ಲ. ಹೆಣ್ಣಿನ ಕಡೆಯವರಿರಬೇಕು ಅಂದರು. ಕೈಯಲ್ಲಿ ಮಡಚಿದ ಛತ್ರಿ ಹಿಡಿದಿದ್ದಾರೆ. ಅವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಗೊತ್ತಿದ್ದವರು ತಿಳಿಸಿ ಅಂತ ಕೆಳಗೆ ಬರೆದಿದ್ದೇನೆ.